ಸೀಸೆಯ ಮೇಲಿನ ಹೆಸರು

ಮೈಸೂರಿನ ಲಕ್ಷ್ಮೀಪುರಂನಲ್ಲಿ ನಾವಿರುವ ಬೀದಿಗೆ ಹೊಸಬರಾರಾದರೂ ಬಂದು ‘ರಾಯರ ಮನೆ ಯಾವುದು?’ ಎಂದು ಕೇಳಿದರೆ, ಜಗುಲಿಯ ಮೇಲೆ ಕುಳಿತವರು ‘ಯಾವ ರಾಯರು?’ ಎಂದು ಮರಳಿ ಕೇಳುವುದು ವಾಡಿಕೆ. ರಾಯರೆಂಬವರು ನಮ್ಮಲ್ಲಿ ನಾಲ್ವರಿದ್ದಾರೆ. ಇದನ್ನರಿಯದ ಅತಿಥಿಯೊಬ್ಬನು ಬೀದಿಯ ನಡುವೆ ನಿಂತು ‘ರಾಯರೇ!’ ಎಂದು ಕೂಗಿದನೆಂದು ಇಟ್ಟುಕೊಳ್ಳಿ. ಒಂದು ಬಾಗಿಲು ತೆರೆಯುತ್ತದೆ, ಒಬ್ಬರು ‘ಏನು?’ ಎನ್ನುತ್ತಾರೆ. ಓಗೊಟ್ಟವರೇ ತಾನು ಹುಡುಕಿಬಂದ ರಾಯರೆಂದು ನಂಬಿ, ತಂದ ಹಣವನ್ನು ಅವರ ಕೈಯಲ್ಲಿಟ್ಟು ಆತನು ಹೊರಟುಹೋದರೆ ಏನೆನ್ನಬೇಕು? ಬೀದಿಯಲ್ಲಿ ಹೀಗೆ ಮಾಡುವವರು ವಿರಳ. ಪ್ರಯೋಗಶಾಲೆಗಳಲ್ಲಿ ಮಾತ್ರ ಹೀಗೆ ಮಾಡುವವರು ಬಹಳ ಮಂದಿ ಇದ್ದಾರೆ. ಅಲ್ಲಿ ಕೈಬಿಟ್ಟುಹೋಗುವ ಹಣವು ಬಹುಪಾಲು ಜನರದು.

ಕೆಲವು ತಿಂಗಳ ಹಿಂದೆ ನೆರೆಮನೆಯ ಹುಡುಗಿ, ಎಂ.ಎಸ್‌ಸಿ. ತರಗತಿಯಲ್ಲಿ ಓದುತ್ತಿರುವವಳು, ತನ್ನ ಪ್ರಬಂಧದ ಕರಡನ್ನು ನಮಗೆ ತೋರಿಸಲು ಬಂದಿದ್ದಳು. ಅದರಲ್ಲಿ ಒಂದು ಸೊಗಸಾದ ಚಿತ್ರವಿತ್ತು. ಕಪ್ಪು ಹಿನ್ನೆಲೆಯಲ್ಲಿ ಜೀವಕೋಶಗಳ ಅಂಚುಗಳು ಹಸಿರಾಗಿ ಹೊಳೆಯುತ್ತಿದ್ದವು. ‘ನಾಚ್ ಗ್ರಾಹಕವು ಕೋಶದ ಅಂಚಿನಲ್ಲಿ ಕಂಡುಬರುತ್ತದೆ’ ಎಂದು ಕೆಳಗೆ ಬರೆದಿತ್ತು.

“ಹೊಳೆಯುತ್ತಿರುವುದು ನಾಚ್ ಎಂದು ಹೇಗೆ ಗೊತ್ತಾಯಿತಮ್ಮ?” ಎಂದು ಕೇಳಿದೆವು.

“ನಾಚ್‌ನ ಪ್ರತಿಕಾಯ ಹಾಕಿದ್ದೆವಲ್ಲ, ಸಾರ್.”

“ಅದು ನಾಚ್‌ನ ಪ್ರತಿಕಾಯವೇ ಎಂದು ಹೇಗೆ ಗೊತ್ತಾಯಿತು?”

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ಸೀಸೆಯ ಮೇಲೆ ಬರೆದಿತ್ತು, ಸಾರ್” ಎಂದಳು.

ಅವಳನ್ನು ದೂರುವಂತಿಲ್ಲ. ಅವಳಿಗಿಂತ ಎಷ್ಟೋ ಹಿರಿಯರು, ಎಷ್ಟೋ ದೊಡ್ಡ ಸಂಸ್ಥೆಗಳಲ್ಲಿ, ಇದೇ ಉತ್ತರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸೀಸೆಯ ಚೀಟಿಯು ಸಾಕ್ಷಿಯಲ್ಲವೆಂಬುದನ್ನು ನಮ್ಮ ಕಾಲೇಜುಗಳು ಪ್ರಾಯೋಗಿಕ ತರಗತಿಯ ಮೊದಲ ಪಾಠವಾಗಿ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೊಡುವ ಮುನ್ನ ನಾಚ್ ಎಂದರೇನು, ಪ್ರತಿಕಾಯವೆಂದರೇನು ಎಂಬುದನ್ನು ಕಿರಿಯ ಓದುಗರಿಗಾಗಿ ಹೇಳುವುದು ಯುಕ್ತ.

ನಮ್ಮ ಶರೀರದ ಕೋಶಗಳು ಒಂಟಿಯಾಗಿ ಬಾಳುವುದಿಲ್ಲ. ಅಕ್ಕಪಕ್ಕದ ಕೋಶಗಳಿಂದಲೂ, ರಕ್ತದಲ್ಲಿ ಹರಿದುಬರುವ ಹಾರ್ಮೋನುಗಳಿಂದಲೂ ಅವುಗಳಿಗೆ ಎಡೆಬಿಡದೆ ಸಂದೇಶಗಳು ಬರುತ್ತಿರುತ್ತವೆ. ಈ ಸಂದೇಶಗಳನ್ನು ಹೊರಗೆ ಹಿಡಿದು ಒಳಗೆ ತಿಳಿಸುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು. ನಾಚ್ ಅಂಥದೊಂದು ಗ್ರಾಹಕ. ಅದರ ಒಂದು ಭಾಗ ಕೋಶದ ಹೊರಗೂ ಒಂದು ಭಾಗ ಒಳಗೂ ಇರುತ್ತದೆ. ನೆರೆಯ ಕೋಶದ ಮೇಲಿರುವ ಇನ್ನೊಂದು ಪ್ರೋಟೀನು ನಾಚ್‌ನ ಹೊರಭಾಗವನ್ನು ಹಿಡಿದೆಳೆದಾಗ, ನಾಚ್ ಮೊದಲು ಪೊರೆಯ ಹೊರಗೆ, ಅನಂತರ ಪೊರೆಯೊಳಗೆ, ಹೀಗೆ ಎರಡು ಕಡೆಗಳಲ್ಲಿ ತುಂಡಾಗುತ್ತದೆ. ಬಿಡುಗಡೆ ಹೊಂದಿದ ಒಳತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ, ಅಲ್ಲಿ ಕೆಲವು ಜೀನುಗಳನ್ನು ಎಚ್ಚರಿಸುತ್ತದೆ. ಸುದ್ದಿ ತಂದ ಜವಾನನು ತನ್ನ ಅರ್ಧ ದೇಹವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ ಸುದ್ದಿ ಹೇಳಿದಂತೆ! ಒಂದು ಕೋಶ ಚರ್ಮವಾಗಬೇಕೋ ನರವಾಗಬೇಕೋ, ಇನ್ನೂ ಒಡೆಯುತ್ತಿರಬೇಕೋ ನಿಲ್ಲಬೇಕೋ ಎಂಬಂಥ ತೀರ್ಮಾನಗಳು ಈ ಸುದ್ದಿಯನ್ನು ಅವಲಂಬಿಸಿವೆ. ಈ ವ್ಯವಸ್ಥೆ ಕೆಟ್ಟರೆ ಆಗುವ ಅನಾಹುತವೂ ದೊಡ್ಡದೇ. ಟಿ-ಕೋಶಗಳ ಒಂದು ಬಗೆಯ ತೀವ್ರ ರಕ್ತಕ್ಯಾನ್ಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಒಂದನೆಯ ನಾಚ್ ಜೀನು ಮಾರ್ಪಟ್ಟಿರುವುದನ್ನು ೨೦೦೪ರಲ್ಲಿ ಕಂಡುಹಿಡಿದರು.

ಒಂದನೆಯ ನಾಚ್ ಎಂದೆವು. ಮನುಷ್ಯರಲ್ಲಿ ನಾಚ್ ಗ್ರಾಹಕಗಳು ನಾಲ್ಕು. ನಮ್ಮ ಬೀದಿಯ ರಾಯರಂತೆ ಅವು ಒಂದನ್ನೊಂದು ಬಹಳವಾಗಿ ಹೋಲುತ್ತವೆ.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ೧೯೧೪ರಲ್ಲಿ ಅಮೆರಿಕದ ಜಾನ್ ಡೆಕ್ಸ್‌ಟರ್ ಎಂಬ ವಿಜ್ಞಾನಿ, ಕೆಲವು ಹಣ್ಣಿನ ನೊಣಗಳ ರೆಕ್ಕೆಯ ತುದಿಯಲ್ಲಿ ಯಾರೋ ಕಚ್ಚು ಹಾಕಿದಂತೆ ಇರುವುದನ್ನು ಗಮನಿಸಿದನು. ಇಂಗ್ಲಿಷಿನಲ್ಲಿ ನಾಚ್ ಎಂದರೆ ಕಚ್ಚು ಎಂದೇ ಅರ್ಥ. ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಹೆಣ್ಣುನೊಣಕ್ಕೆ ರೆಕ್ಕೆಯಲ್ಲಿ ಕಚ್ಚು ಬೀಳುತ್ತದೆ. ಆ ಜೀನು ಸ್ವಲ್ಪವೂ ಇಲ್ಲದ ಭ್ರೂಣವಾದರೋ ಮೊಟ್ಟೆಯಿಂದ ಹೊರಬರುವ ಮೊದಲೇ ಸಾಯುತ್ತದೆ. ಚರ್ಮವಾಗಬೇಕಾದ ಕೋಶಗಳೂ ನರಕೋಶಗಳಾಗಿಬಿಟ್ಟಿರುತ್ತವೆ. ಈ ‘ಇಲ್ಲದ’ ಭ್ರೂಣವನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕೆ ಮತ್ತೆ ಬರುತ್ತೇವೆ.

ಇನ್ನು ಪ್ರತಿಕಾಯ. ಹೊರಗಿನ ವಸ್ತುವೊಂದು ಶರೀರದೊಳಗೆ ಬಂದರೆ, ಅದನ್ನೇ ಹುಡುಕಿ ಹಿಡಿಯಬಲ್ಲ ಪ್ರೋಟೀನುಗಳನ್ನು ರಕ್ತದ ಕೆಲವು ಕೋಶಗಳು ತಯಾರಿಸುತ್ತವೆ. ಸಿಡುಬಿಗೆ ದೇವಿ ಹಾಕಿಸುತ್ತಿದ್ದುದು ಈ ಶಕ್ತಿಯನ್ನು ನಂಬಿಯೇ. ಪ್ರಯೋಗಶಾಲೆಯಲ್ಲಿ ಇದನ್ನು ಬೇರೊಂದು ಕೆಲಸಕ್ಕೆ ಹಚ್ಚುತ್ತಾರೆ. ಮನುಷ್ಯನ ಒಂದು ಗ್ರಾಹಕವನ್ನು ಇಲಿಗೋ ಮೊಲಕ್ಕೋ ಚುಚ್ಚಿದರೆ, ಆ ಪ್ರಾಣಿಯು ಅದಕ್ಕೆ ಪ್ರತಿಕಾಯಗಳನ್ನು ಬೆಳೆಸುತ್ತದೆ. ಆ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ ಕೋಶಗಳ ಮೇಲೆ ಸುರಿದರೆ, ಗ್ರಾಹಕವಿರುವಲ್ಲಿ ಅದು ಅಂಟಿಕೊಂಡು ಹೊಳೆಯುತ್ತದೆ. ೧೯೭೫ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬಿಬ್ಬರು, ಪ್ರತಿಕಾಯ ಮಾಡುವ ಇಲಿಯ ಕೋಶವನ್ನು ಸಾವಿಲ್ಲದೆ ಒಡೆಯುತ್ತ ಹೋಗುವ ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ಉಪಾಯವನ್ನು ಕಂಡುಹಿಡಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇಂದು ಪ್ರತಿಕಾಯಗಳು ಲಕ್ಷಗಟ್ಟಲೆ ಬಗೆಗಳಲ್ಲಿ ಮಾರಾಟವಾಗುತ್ತವೆ. ಸಾಮಾನ್ಯವಾಗಿ ಒಂದು ಸೀಸೆಯಲ್ಲಿರುವುದು ಎರಡು ತೊಟ್ಟು ದ್ರವ; ಬೆಲೆ ಹತ್ತಾರು ಸಾವಿರ ರೂಪಾಯಿ.

ಪ್ರತಿಕಾಯವು ಗ್ರಾಹಕವನ್ನು ಹಿಡಿದಿದೆಯೆಂಬುದಕ್ಕೆ ಒಮ್ಮೊಮ್ಮೆ ಸಾಕ್ಷಿಯು ತಾನಾಗಿ ಎದ್ದುನಿಲ್ಲುವುದುಂಟು. ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಸಾಕ್ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬವರು, ಸ್ನಾಯುವಿಗೆ ನರದ ಸಂದೇಶವನ್ನು ಮುಟ್ಟಿಸುವ ಗ್ರಾಹಕದ ಅಧ್ಯಯನಕ್ಕಾಗಿ ಪ್ರತಿಕಾಯ ಬೇಕೆಂದು, ವಿದ್ಯುತ್ ಹಾವುಮೀನಿನಿಂದ ಶುದ್ಧಮಾಡಿದ ಆ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಪ್ರತಿಕಾಯಗಳೇನೋ ಹುಟ್ಟಿದವು, ಆದರೆ ಮೊಲಗಳು ಕೈಕಾಲು ಸೋತು ಬಿದ್ದುಬಿಟ್ಟವು. ಮೀನಿನ ಗ್ರಾಹಕಕ್ಕೆಂದು ಹುಟ್ಟಿದ ಪ್ರತಿಕಾಯಗಳು ಮೊಲದ ಸ್ನಾಯುಗಳಲ್ಲಿದ್ದ ಗ್ರಾಹಕಗಳನ್ನೂ ಹಿಡಿದಿದ್ದವು. ಮಯಸ್ತೇನಿಯ ಎಂಬ ಸ್ನಾಯುದೌರ್ಬಲ್ಯದ ರೋಗದಲ್ಲಿ ಕೊಡುವ ಔಷಧವನ್ನು ಕೊಟ್ಟಾಗ ಅವು ಚೇತರಿಸಿಕೊಂಡವು. ಆ ರೋಗದ ಮೂಲವೇ ಹೀಗೆ ಬೆಳಕಿಗೆ ಬಂದಿತು. ಇಲ್ಲಿ ಪ್ರತಿಕಾಯವು ತನ್ನ ಹೆಸರನ್ನು ತಾನೇ ಹೇಳಿಕೊಂಡಿತೆನ್ನಬಹುದು.

ಎಲ್ಲ ಪ್ರತಿಕಾಯಗಳೂ ಇಷ್ಟು ಸತ್ಯವಂತವಲ್ಲ. ಎರಿತ್ರೊಪೊಯೆಟಿನ್ ಎಂಬ ಹಾರ್ಮೋನಿನ ವಿಷಯವನ್ನು ತೆಗೆದುಕೊಳ್ಳಿ. ಮೂತ್ರಪಿಂಡದಲ್ಲಿ ಹುಟ್ಟುವ ಇದು ಮಜ್ಜೆಯ ಕೋಶಗಳ ಮೇಲಿನ ಗ್ರಾಹಕವನ್ನು ಹಿಡಿದು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಕ್ಯಾನ್ಸರ್ ರೋಗಿಗಳ ರಕ್ತಹೀನತೆಗೆ ಇದನ್ನು ಔಷಧವಾಗಿ ಕೊಡುತ್ತಿದ್ದರು. ೨೦೦೩ರಲ್ಲಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ೩೫೧ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ರಕ್ತವೇನೋ ಹೆಚ್ಚಿತ್ತು; ಕ್ಯಾನ್ಸರು ಮಾತ್ರ, ಔಷಧ ಪಡೆದವರಲ್ಲೇ ಹೆಚ್ಚು ಬಲಿತಿತ್ತು. ಗಡ್ಡೆಯ ಕೋಶಗಳ ಮೇಲೆಯೂ ಈ ಹಾರ್ಮೋನಿನ ಗ್ರಾಹಕವಿದೆಯೇ, ಔಷಧವು ಗಡ್ಡೆಯನ್ನೇ ಪೋಷಿಸುತ್ತಿದೆಯೇ ಎಂಬ ಪ್ರಶ್ನೆ ಎದ್ದಿತು. ಪ್ರಾಣದ ಪ್ರಶ್ನೆ ಅದು. ಅನೇಕ ಪ್ರಯೋಗಶಾಲೆಗಳು ಸಿ-೨೦ ಎಂಬ ಪ್ರತಿಕಾಯವನ್ನು ಹಾಕಿ ನೋಡಿ, ‘ಹೌದು, ಗ್ರಾಹಕವಿದೆ’ ಎಂದು ವರದಿ ಮಾಡಿದವು. ೨೦೦೬ರಲ್ಲಿ ಎಲಿಯಟ್ ಮತ್ತು ಸಂಗಡಿಗರು ಆ ಪ್ರತಿಕಾಯವನ್ನೇ ಪರೀಕ್ಷೆಗೆ ಒಡ್ಡಿದರು. ಅದು ಹಿಡಿಯುತ್ತಿದ್ದುದರಲ್ಲಿ ಪ್ರಧಾನವಾದುದು ಗ್ರಾಹಕವಲ್ಲ, ಕೋಶವು ಸಂಕಟದಲ್ಲಿದ್ದಾಗ ಹೆಚ್ಚಾಗಿ ತಯಾರಿಸುವ ಬೇರೊಂದು ಪ್ರೋಟೀನು! ರಾಯರೆಂದು ಕೂಗಿದರೆ ಪಕ್ಕದ ಮನೆಯವರು ಓಗೊಟ್ಟಂತಾಯಿತು.

ಇಲ್ಲಿ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಆ ಎಲಿಯಟ್ ಮತ್ತು ಸಂಗಡಿಗರು ಕೆಲಸ ಮಾಡುತ್ತಿದ್ದುದು ಅದೇ ಔಷಧವನ್ನು ಮಾರುವ ಆಮ್‌ಜೆನ್ ಕಂಪನಿಯಲ್ಲಿ. ಆದಕಾರಣ ಅವರ ಮಾತನ್ನೂ ಎಚ್ಚರದಿಂದಲೇ ಕೇಳಬೇಕು. ಮತ್ತು ಪ್ರತಿಕಾಯ ಸುಳ್ಳಾದ ಮಾತ್ರಕ್ಕೆ ಔಷಧ ನಿರಪಾಯಕರವೆಂದಾಗಲಿಲ್ಲ. ರೋಗಿಗಳ ಮೇಲೆ ನಡೆದ ಪರೀಕ್ಷೆಗಳನ್ನು ಆಧರಿಸಿ ಅಮೆರಿಕದ ಸರ್ಕಾರವು ೨೦೦೭ರಲ್ಲಿ ಆ ಔಷಧಗಳ ಮೇಲೆ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ವಿಧಿಸಿತು. ಕೆಟ್ಟುದು ನಡುವಣ ಜ್ಞಾನ. ಅಪಾಯ ಉಂಟಾದುದೇಕೆ ಎಂಬುದನ್ನು ತಿಳಿಸಬೇಕಾಗಿದ್ದ ಚಿತ್ರಗಳ ಒಂದು ರಾಶಿಯೇ ನಂಬಲರ್ಹವಲ್ಲದಂತಾಯಿತು.

ಇದೊಂದು ಅಪರೂಪದ ಪ್ರಸಂಗವಲ್ಲ. ಈಸ್ಟ್ರೊಜೆನ್ ಹಾರ್ಮೋನಿನ ಬೀಟಾ ಗ್ರಾಹಕವನ್ನು ೧೯೯೬ರಲ್ಲಿ ಸ್ವೀಡನ್ನಿನಲ್ಲಿ ಕಂಡುಹಿಡಿದರು. ಅದು ಸ್ತನದಲ್ಲಿದೆ, ಅಲ್ಲಿದೆ, ಇಲ್ಲಿದೆ ಎಂದು ಇಪ್ಪತ್ತು ವರ್ಷ ಪ್ರಬಂಧಗಳು ಬಂದವು. ೨೦೧೭ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳೇ ೧೩ ಪ್ರತಿಕಾಯಗಳನ್ನು ಪರೀಕ್ಷಿಸಿದಾಗ ನೆಚ್ಚತಕ್ಕದ್ದಾಗಿ ಉಳಿದುದು ಒಂದೇ ಒಂದು. ಅದನ್ನು ಹಾಕಿ ನೋಡಿದರೆ ಸ್ತನದಲ್ಲಿ ಆ ಗ್ರಾಹಕ ಕಾಣಲಿಲ್ಲ. ೨೦೨೩ರಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಕೇಂದ್ರವಾಗಿಟ್ಟುಕೊಂಡ ಒಂದು ತಂಡವು, ೬೫ ಪ್ರೋಟೀನುಗಳಿಗೆಂದು ಮಾರಾಟವಾಗುವ ೬೧೪ ಪ್ರತಿಕಾಯಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿ ಫಲವನ್ನು ಪ್ರಕಟಿಸಿತು. ಒಂದೊಂದು ಪ್ರೋಟೀನಿಗೆ ಸರಾಸರಿ ೧೨ ಪ್ರಬಂಧಗಳು, ಆ ಪ್ರೋಟೀನನ್ನು ಗುರುತಿಸಲಾರದ ಪ್ರತಿಕಾಯವನ್ನು ಬಳಸಿಯೇ ಬರೆಯಲ್ಪಟ್ಟಿದ್ದವು. ಸಂತೋಷದ ಸಂಗತಿಯೆಂದರೆ ಪ್ರತಿಕಾಯಗಳನ್ನು ಒದಗಿಸಿದವರು ತಯಾರಕರೇ. ಫಲ ಕಂಡ ಮೇಲೆ ಹಲವನ್ನು ಅವರು ಮಾರಾಟದಿಂದ ಹಿಂತೆಗೆದರು, ಇಲ್ಲವೆ ಬಳಕೆಯ ಸೂಚನೆಗಳನ್ನು ತಿದ್ದಿದರು. ಕೆಟ್ಟ ಪ್ರತಿಕಾಯಗಳಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೮೦ ಕೋಟಿ ಡಾಲರ್ ವ್ಯರ್ಥವಾಗುತ್ತಿದೆಯೆಂದು ೨೦೧೫ರಲ್ಲಿ ಬ್ರಾಡ್‌ಬರಿ ಮತ್ತು ಪ್ಲುಕ್‌ಥುನ್ ಎಂಬ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಅಂದಾಜು ಅಂದಾಜೇ, ಅದರ ಅರ್ಧವಾದರೂ ಸಣ್ಣ ಮೊತ್ತವಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ನಮ್ಮ ಬೀದಿಗೇ ಮರಳೋಣ. ನಿಮಗೆ ಬೇಕಾದ ರಾಯರು ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೋಗಿರುವ ದಿನ ಬಂದು ‘ರಾಯರೇ!’ ಎಂದು ಕೂಗಿ. ಬೀದಿ ಮೌನವಾಗಿದ್ದರೆ, ಹಿಂದಿನ ದಿನ ಓಗೊಟ್ಟವರು ಅವರೇ. ಯಾರಾದರೂ ‘ಏನು?’ ಎಂದರೆ, ನೀವು ಕೂಗಿದ ಹೆಸರು ಅವರೊಬ್ಬರದೇ ಅಲ್ಲ. ಪ್ರಯೋಗಶಾಲೆಯಲ್ಲಿಯೂ ಇಷ್ಟೇ. ಗ್ರಾಹಕದ ಜೀನನ್ನು ತೆಗೆದುಹಾಕಿದ ಕೋಶಗಳ ಮೇಲೆ ಅದೇ ಪ್ರತಿಕಾಯವನ್ನು ಹಾಕಬೇಕು. ಅಲ್ಲಿ ಕತ್ತಲೆಯಾದರೆ ಪ್ರತಿಕಾಯ ಗೆದ್ದಿತು; ಅಲ್ಲಿಯೂ ಹೊಳೆದರೆ ಸೋತಿತು. ಹಿಂದೆ ಇಂಥ ಕೋಶಗಳನ್ನು ಪಡೆಯುವುದು ಕಷ್ಟವಾಗಿತ್ತು. ೨೦೧೨ರಿಂದೀಚೆಗೆ ಕ್ರಿಸ್ಪರ್ ವಿಧಾನವು ಬಂದು, ಬೇಕಾದ ಜೀನನ್ನು ಕತ್ತರಿಸಿ ಕೆಡಿಸುವುದು ಸಾಧಾರಣ ಪ್ರಯೋಗಶಾಲೆಗೂ ಸಾಧ್ಯವಾಗಿದೆ.

ಮೈಸೂರಿನ ವಿದ್ಯಾರ್ಥಿಗಳಿಗಂತೂ ಇದಕ್ಕಿಂತ ಅಗ್ಗವಾದ ದಾರಿಯೂ ಉಂಟು. ನಮ್ಮ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣದ ತಳಿಗಳನ್ನು ಸಾಕಿ ಹಂಚುವ ಕೇಂದ್ರವಿದೆ. ಪ್ರೊ. ಎಂ. ಆರ್. ರಾಜಶೇಖರಶೆಟ್ಟಿಯವರ ಕಾಲದಿಂದ ಮೈಸೂರು ಈ ಪುಟ್ಟ ನೊಣಕ್ಕೆ ಹೆಸರಾದ ಊರು. ನೊಣದ ನಾಚ್‌ಗೆ ತಯಾರಿಸಿದ ಪ್ರತಿಕಾಯವೊಂದು, ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಪ್ರತಿಕಾಯ ಭಂಡಾರದಿಂದ ಅಲ್ಪ ಬೆಲೆಗೆ ದೊರೆಯುತ್ತದೆ. ನಾಚ್‌ನ ಕಚ್ಚುರೆಕ್ಕೆಯ ತಳಿಯನ್ನು ತರಿಸಿ, ಭ್ರೂಣಗಳಿಗೆ ಆ ಪ್ರತಿಕಾಯ ಹಾಕಿ, ನಾಚ್ ಇಲ್ಲದ ಭ್ರೂಣಗಳು ಹೊಳೆಯದಿರುವುದನ್ನು ವಿದ್ಯಾರ್ಥಿಗಳು ತಮ್ಮ ಕಣ್ಣಾರೆ ನೋಡಬಹುದು. (ತಾಯಿಯು ಮೊಟ್ಟೆಯಲ್ಲಿ ಇಟ್ಟುಹೋದ ನಾಚ್ ಮೊದಮೊದಲು ಸ್ವಲ್ಪ ಉಳಿದಿರುತ್ತದೆ, ಅದು ತೀರುವವರೆಗೆ ಕಾಯಬೇಕು. ಈ ತೊಡಕೂ ಒಂದು ಒಳ್ಳೆಯ ಪಾಠವೇ.) ಮೇಲೆ ನೆನಪಿನಲ್ಲಿಡಿ ಎಂದ ಭ್ರೂಣ ಇದೇ. ಡೆಕ್ಸ್‌ಟರನಿಗೆ ಕಚ್ಚಾಗಿ ಕಂಡುದು ನಮಗೆ ಒರೆಗಲ್ಲಾಗುತ್ತದೆ.

ಪ್ರತಿಕಾಯವನ್ನು ನಾವೇ ತಯಾರಿಸಲಾರೆವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ದಶಕಗಳ ಹಿಂದೆಯೇ, ಪ್ರತಿಕಾಯಗಳಿಂದ ಒಂದೊಂದು ಹಾರ್ಮೋನನ್ನು ಕಟ್ಟಿಹಾಕಿ, ಅದಿಲ್ಲದಿದ್ದರೆ ಪ್ರಾಣಿಯ ಸಂತಾನಕ್ರಿಯೆಯಲ್ಲಿ ಏನು ನಿಲ್ಲುತ್ತದೆಂಬುದನ್ನು ಕಂಡುಕೊಳ್ಳುತ್ತಿದ್ದರು. ಅದೇ ಸಂಸ್ಥೆಯಲ್ಲಿ ರಾಜನ್ ದಿಘೆ, ಅನ್ನಪೂರ್ಣಿ ರಂಗರಾಜನ್ ಮತ್ತು ಅವರ ಸಂಗಡಿಗರು ಒಂದನೆಯ ನಾಚ್‌ನ ಹೊರಭಾಗವನ್ನು, ನೆರೆಯ ಪ್ರೋಟೀನು ಬಂದು ಹಿಡಿಯುವ ಜಾಗದಲ್ಲೇ ಹಿಡಿಯುವ ಪ್ರತಿಕಾಯವನ್ನು ತಯಾರಿಸಿ ೨೦೧೨ರಲ್ಲಿ ವರದಿ ಮಾಡಿದರು. ೬೦೨.೧೦೧ ಎಂಬ ಸಂಖ್ಯೆಯೇ ಅದರ ಹೆಸರು. ಅವರು ಹೊಳಪನ್ನು ನೋಡಿ ತೃಪ್ತರಾಗಲಿಲ್ಲ. ಆ ಪ್ರತಿಕಾಯವನ್ನು ಸ್ತನಕ್ಯಾನ್ಸರಿನ ಕೋಶಗಳಿಗೆ ಹಾಕಿದಾಗ, ಪ್ರಮಾಣ ಹೆಚ್ಚಿದಂತೆಲ್ಲ ನಾಚ್‌ನ ಸಂದೇಶ ತಗ್ಗಿತು. ನಾಚ್ ಎಚ್ಚರಿಸುವ ಜೀನುಗಳ ಕೆಲಸ ಕುಗ್ಗಿತು. ಕಾಂಡಕೋಶಗಳಂತೆ ವರ್ತಿಸಿ ಗಡ್ಡೆಯನ್ನು ಮರಳಿ ಬೆಳೆಸಬಲ್ಲವೆಂದು ಶಂಕಿಸಲಾದ ಕೋಶಗಳ ಗುಂಪು ಕರಗಿತು. ಪ್ರತಿಕಾಯವನ್ನು ತೆಗೆದ ಮೇಲೂ ಆ ಗುಂಪು ಚಿಗುರಲಿಲ್ಲ. ಇದು ಬಟ್ಟಲಿನಲ್ಲಿ ಬೆಳೆಸಿದ ಕೋಶಗಳ ಮಾತು, ರೋಗಿಯ ಮಾತಲ್ಲ. ಆದರೂ ಹೆಸರಿನಿಂದಲ್ಲದೆ ಕೆಲಸದಿಂದ ಗುರುತು ಹೇಳುವ ಪ್ರತಿಕಾಯ ಇಂಥದು.

ಇಷ್ಟು ಶಕ್ತಿಯಿರುವ ನಾಡಿನಲ್ಲಿ ನಮ್ಮ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ದೂರದೇಶದಿಂದ ಹಿಮದಲ್ಲಿ ಬರುವ ಸೀಸೆಗಳಿಗಾಗಿ ತಿಂಗಳುಗಟ್ಟಲೆ ಕಾಯುತ್ತವೆ. ಬಂದ ಸೀಸೆಯನ್ನು ಪರೀಕ್ಷಿಸಲು ಎರಡು ತೊಟ್ಟಿನಲ್ಲಿ ಒಂದನ್ನು ಕಳೆಯಲು ಯಾರಿಗೂ ಮನಸ್ಸು ಬಾರದು. ಬಡತನವೇ ಇಲ್ಲಿ ಕುರುಡುನಂಬಿಕೆಯ ತಾಯಿ. ‘ಪರೀಕ್ಷೆಗೆ ಹಣವೆಲ್ಲಿದೆ, ಕಾಲವೆಲ್ಲಿದೆ?’ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಅವರ ಕಷ್ಟ ನಮಗೆ ಗೊತ್ತು. ಆದುದರಿಂದಲೇ ಈ ಭಾರವನ್ನು ಒಬ್ಬೊಬ್ಬ ವಿದ್ಯಾರ್ಥಿಯ ತಲೆಯ ಮೇಲೆ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಕೋಶಗಳ ತಳಿಗಳನ್ನು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವು ದೇಶಕ್ಕೆಲ್ಲ ಹಂಚುತ್ತಿಲ್ಲವೆ? ಜೀನು ತೆಗೆದ ಕೋಶಗಳನ್ನೂ ಪರೀಕ್ಷೆಯಲ್ಲಿ ಗೆದ್ದ ಪ್ರತಿಕಾಯಗಳನ್ನೂ ಹಾಗೆಯೇ ಇಟ್ಟು ಹಂಚುವ ಭಂಡಾರವೊಂದು ನಮ್ಮ ನಾಡಿನಲ್ಲಿಯೂ ಬೇಕು. ಅಯೋವದ ಭಂಡಾರವನ್ನು ಅಮೆರಿಕದ ಸರ್ಕಾರ ಸ್ಥಾಪಿಸಿದ್ದು ೧೯೮೬ರಲ್ಲಿ. ಅದು ಇಂದು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳುತ್ತಿದೆ. ಜನರ ಹಣದಿಂದ ತಯಾರಾದ ಪ್ರತಿಕಾಯದ ರಚನೆ, ಎಂದರೆ ಅದರ ಅಮಿನೊ ಆಮ್ಲಗಳ ಕ್ರಮ, ಎಲ್ಲರಿಗೂ ಸಿಗುವಂತೆ ಪ್ರಕಟವಾಗಬೇಕೆಂಬುದು ಇನ್ನೊಂದು ಮಾತು. ಕ್ರಮ ತಿಳಿದಿದ್ದರೆ ಇಲಿ ಸತ್ತರೂ ಕೋಶ ಕೆಟ್ಟರೂ ಪ್ರತಿಕಾಯವನ್ನು ಮತ್ತೆ ಕಟ್ಟಬಹುದು. ಕೆನಡದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತೇರ್ಗಡೆಯಾದುವೂ ಹೀಗೆ ಕಟ್ಟಿದ ಪ್ರತಿಕಾಯಗಳೇ.

ನೆರೆಮನೆಯ ಹುಡುಗಿಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವಳು ಸುಮ್ಮನಿರಲಿಲ್ಲ. ಬೇರೊಂದು ಊರಿನ ಪ್ರಯೋಗಶಾಲೆಗೆ ಪತ್ರ ಬರೆದು, ಒಂದನೆಯ ನಾಚ್ ಇಲ್ಲದ ಕೋಶಗಳನ್ನು ತರಿಸಿಕೊಂಡಳು. ಸೀಸೆಯಲ್ಲಿ ಉಳಿದಿದ್ದ ಕೊನೆಯ ತೊಟ್ಟನ್ನು ಅವುಗಳ ಮೇಲೆ ಹಾಕಿದಳು. ಆ ಕೋಶಗಳ ಅಂಚುಗಳೂ ಹಸಿರಾಗಿ ಹೊಳೆದವು; ಮೊದಲಿನವಕ್ಕಿಂತ ಸ್ವಲ್ಪ ಮಂಕಾಗಿ, ಅಷ್ಟೆ.

ಎರಡು ದಿನ ಅವಳು ನಮ್ಮ ಮನೆಯ ಕಡೆ ಬರಲಿಲ್ಲ. ಮೂರನೆಯ ದಿನ ಕರಡನ್ನು ತಂದು ಮುಂದಿಟ್ಟಳು. ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ, ಹಳೆಯ ವಾಕ್ಯವನ್ನು ಹೊಡೆದುಹಾಕಿ, ‘ಈ ಪ್ರತಿಕಾಯವು ಹಿಡಿಯುತ್ತಿರುವುದು ಒಂದನೆಯ ನಾಚ್ ಒಂದನ್ನೇ ಅಲ್ಲ’ ಎಂದು ಬರೆದಿದ್ದಳು. ಪರೀಕ್ಷಕರು ಇದನ್ನು ಫಲವೆಂದು ಎಣಿಸುವರೋ ಸೋಲೆಂದು ಎಣಿಸುವರೋ ಎಂಬ ಅಳುಕು ಅವಳಿಗಿದೆ. ಮೌಖಿಕ ಪರೀಕ್ಷೆ ಮುಂದಿನ ತಿಂಗಳು.